ತೋರಿಕೆಯಿಲ್ಲದ ಸೊಗಸು

ಅಲಂಕಾರವು ನೋಡುವ ಕಣ್ಣಿಗಾಗಿಯೇ ಇರತಕ್ಕದ್ದೆಂಬುದು ಲೋಕದ ಸಾಮಾನ್ಯ ತಿಳಿವಳಿಕೆ. ಜರಿಯ ಅಂಚು ಹೊಳೆಯಬೇಕು, ಹರಳು ಮಿನುಗಬೇಕು, ಬಣ್ಣವು ದೂರದಿಂದಲೇ ಕರೆಯಬೇಕು. ಆದರೆ ಬೆಲೆಯಲ್ಲಿ ಕಡಮೆಯಲ್ಲದಿದ್ದರೂ ಯಾರ ಕಣ್ಣನ್ನೂ ಕರೆಯದ ಪದಾರ್ಥಗಳು ಕೆಲವುಂಟು. 20ನೆಯ ಶತಮಾನದ ಪೂರ್ವಾರ್ಧದಲ್ಲಿ ಲಂಡನ್ ನಗರದ ಜರ್ಮಿನ್ ಬೀದಿಯ ದರ್ಜಿಗಳು ಅಳತೆ ತೆಗೆದು ಹೊಲಿದುಕೊಡುತ್ತಿದ್ದ ಬಿಳಿಯ ಹತ್ತಿಯ ಷರ್ಟು ಅಂತಹುದೊಂದು. ಹತ್ತು ಹೆಜ್ಜೆ ದೂರದಲ್ಲಿ ನಿಂತವನಿಗೆ ಅದು ಯಾವ ಗುಮಾಸ್ತೆಯಾದರೂ ತೊಡಬಹುದಾದ ಬಿಳಿಯ ಅಂಗಿ. ಇಷ್ಟು ಹಣವನ್ನೂ ಇಷ್ಟು ಕುಶಲತೆಯನ್ನೂ ವೆಚ್ಚಮಾಡಿ ಕಟ್ಟಕಡೆಗೆ ಅದನ್ನು ಮರೆಸುವುದೇಕೆ? ಇದು ವಿನಯವೋ, ಗರ್ವವು ತೊಟ್ಟ ಇನ್ನೊಂದು ವೇಷವೋ? ವಸ್ತುವು ಅಲ್ಪವೆಂದು ತೋರಿದರೂ ಪ್ರಶ್ನೆಯು ಅಲ್ಪವಲ್ಲ.

ಆ ಅಂಗಿಯ ಗುಣವೆಲ್ಲಿದೆಯೆಂಬುದನ್ನು ಮೊದಲು ನೋಡೋಣ. ನೂಲಿನ ನಯವನ್ನು ವ್ಯಾಪಾರಸ್ಥರು ನಂಬರಿನಿಂದ ಹೇಳುವರು. 840 ಗಜಕ್ಕೆ ಒಂದು ಲಡಿಯಂತೆ, ಒಂದು ಪೌಂಡು ತೂಕಕ್ಕೆ ಎಷ್ಟು ಲಡಿಗಳಾಗುವುವೋ ಅದೇ ಆ ನೂಲಿನ ನಂಬರು. 100ನೆಯ ನಂಬರಿನ ನೂಲೆಂದರೆ ಒಂದು ಪೌಂಡು ಹತ್ತಿಯು 84,000 ಗಜ, ಎಂದರೆ ಸುಮಾರು 48 ಮೈಲಿ, ಎಳೆಯಾಗಿ ಹರಿದಿದೆಯೆಂದು ಅರ್ಥ. ಅಂತಹ ಎರಡೆರಡು ಎಳೆಗಳನ್ನು ಹುರಿಮಾಡಿ ನೆಯ್ದ ಬಟ್ಟೆಯು ತೆಳುವಾಗಿದ್ದರೂ ಗಟ್ಟಿಯಾಗಿರುವುದು. ಪಕ್ಕದ ಹೊಲಿಗೆಯನ್ನು ಒಂದೇ ಸೂಜಿಯಿಂದ ಎರಡು ಸಲ ಹಾಯಿಸಿ, ಬಟ್ಟೆಯ ಕತ್ತರಿಸಿದ ಅಂಚು ಒಳಮೈಯಲ್ಲಿಯೂ ಕಾಣದಂತೆ ಮಡಿಸುವರು. ಹೆಗಲ ಮೇಲಣ ಪಟ್ಟಿಯನ್ನು ಎರಡು ತುಂಡುಮಾಡಿ ನಡುಬೆನ್ನಿನಲ್ಲಿ ಕೂಡಿಸುವರು. ಎರಡು ಹೆಗಲೂ ಒಂದೇ ಸಮನಾಗಿರುವ ಮನುಷ್ಯರು ವಿರಳವಷ್ಟೆ. ಗುಂಡಿಗಳು ಮುತ್ತಿನ ಚಿಪ್ಪಿನವು. ಮುಟ್ಟಿದ ಬೆರಳಿಗೆ ತಣ್ಣಗಿರುವುವು. ಇವುಗಳಲ್ಲಿ ಬಹುಪಾಲು ಕೋಟಿನ ಕೆಳಗೆ ಅಡಗಿಹೋಗುವುದು. ತೊಟ್ಟವನ ಮೈಯೂ, ಒಗೆದು ಇಸ್ತ್ರಿಮಾಡಿದವರ ಕೈಯೂ ಮಾತ್ರವೇ ಬಲ್ಲ ಸೊಗಸಿದು.

ಇದಕ್ಕೆ ಎದುರಾದ ಪೂರ್ವಪಕ್ಷವು ದುರ್ಬಲವಾದುದಲ್ಲ. ಕೂಗಿದ ಮಾತು ಎಲ್ಲರಿಗೂ ಕೇಳಿಸುವುದು, ಪಿಸುಮಾತು ಬೇಕಾದವರಿಗೆ ಮಾತ್ರ ಕೇಳಿಸುವುದು. ತೋರಿಕೆಯಿಲ್ಲದ ಈ ಅಂಗಿಯು ಬಲ್ಲವರು ಬಲ್ಲವರನ್ನು ಗುರುತಿಸಿಕೊಳ್ಳುವ ಪಿಸುಮಾತೆಂದು ಒಬ್ಬನು ವಾದಿಸಬಹುದು. ಮೇಲಾಗಿ, ಬಿಳುಪೆಂಬುದೇ ಒಂದು ಬಗೆಯ ಹೆಚ್ಚಳಿಕೆ: ತನ್ನ ಕೈಯಿಂದ ಮಣ್ಣು ಮುಟ್ಟದವನಿಗೆ ಮಾತ್ರ ದಿನವೆಲ್ಲ ಬೆಳ್ಳಗಿರುವುದು ಸಾಧ್ಯ. ಆ ಬಿಳುಪಿನ ಹಿಂದೆ ಒಗೆಯುವ ಕೈಯೊಂದು ಇದ್ದೇ ಇರುವುದು. 1827ರಲ್ಲಿ ಅಮೆರಿಕದ ಟ್ರಾಯ್ ಎಂಬ ಊರಿನಲ್ಲಿ ಹ್ಯಾನಾ ಮಾಂಟೇಗ್ ಎಂಬ ಗೃಹಿಣಿಯು, ಕೊಳೆಯಾಗುವುದು ಕಾಲರೊಂದೇ ಆದರೂ ಗಂಡನ ಇಡೀ ಅಂಗಿಯನ್ನು ಒಗೆಯಬೇಕಾಗಿದ್ದುದಕ್ಕೆ ಬೇಸತ್ತು, ಕಾಲರನ್ನು ಕತ್ತರಿಸಿ ಬೇರೆಯಾಗಿ ಒಗೆದಳೆಂದು ಪ್ರತೀತಿ. ಬಿಡಿ ಕಾಲರಿನ ಕೈಗಾರಿಕೆಯು ಅಲ್ಲಿ ಬೆಳೆದು ಆ ಊರಿಗೆ ಕಾಲರ್ ನಗರವೆಂಬ ಹೆಸರೇ ಬಂದಿತು. ಗಂಡಸಿನ ನಿರಾಡಂಬರವಾದ ಬಿಳುಪು ಹೆಂಗಸಿನ ರಟ್ಟೆಗೆ ಎಷ್ಟು ಭಾರವಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈ ವಾದವು ತೊಡುವವನ ಮಟ್ಟಿಗೆ ಬಹುತೇಕ ನಿಜ. ಆದರೆ ಅಂಗಿಯ ಗುಣವು ತೊಡುವವನದಲ್ಲ, ಮಾಡಿದವನದು. ಯಾರೂ ನೋಡದ ಒಳಹೊಲಿಗೆಯನ್ನು ಹೊರಹೊಲಿಗೆಯಷ್ಟೇ ನೇರವಾಗಿ ಹೊಲಿಯುವ ಕುಶಲಿಗೆ ಮೆಚ್ಚುಗೆಯ ಆಸೆಯನ್ನು ಆರೋಪಿಸುವುದು ಕಷ್ಟ. ಅಲ್ಲಿ ಅವನಿಗೆ ಸಾಕ್ಷಿ ಅವನ ಮನಸ್ಸೊಂದೇ. ಅಂಗಿಯನ್ನು ತಿರುವಿಹಾಕಿ ನೋಡಿದಾಗ ನಮ್ಮಲ್ಲಿ ಹುಟ್ಟುವ ಸಂತೋಷವು ಇಂತಹ ಪ್ರಾಮಾಣಿಕತೆಯನ್ನು ಕಂಡ ಸಂತೋಷ. ಬೆಲೆಯನ್ನು ಕೇಳಿ ಹುಟ್ಟುವ ಬೆರಗಿಗೂ ಇದಕ್ಕೂ ಬಹಳ ಅಂತರ.

ಇಷ್ಟರಿಂದಲೇ ಅಂಗಿಯನ್ನು ನಿರ್ದೋಷಿಯೆಂದು ಬಿಟ್ಟುಬಿಡುವಂತಿಲ್ಲ. 1843ರಲ್ಲಿ ಥಾಮಸ್ ಹುಡ್ ಕವಿಯು ‘ಪಂಚ್’ ಪತ್ರಿಕೆಯಲ್ಲಿ ಲಂಡನ್ನಿನ ಅಂಗಿ ಹೊಲಿಯುವ ಬಡ ಹೆಂಗಸಿನ ಮೇಲೆ ಪದ್ಯವನ್ನು ಪ್ರಕಟಿಸಿದನು. ಸೂಜಿ ಹಿಡಿದ ಕೈಗಳೆಲ್ಲ ತೃಪ್ತವಾದ ಕೈಗಳಾಗಿರಲಿಲ್ಲ. ಹತ್ತಿಯ ಕಥೆ ಇನ್ನೂ ಕಠೋರವಾದುದು. ಅತ್ಯುತ್ತಮವಾದ ಅಂಗಿಗಳಿಗೆ ಹೆಸರಾದ ಸೀ ಐಲೆಂಡ್ ಹತ್ತಿಯ ಎಳೆ ಒಂದೂವರೆ ಅಂಗುಲಕ್ಕೂ ಮಿಗಿಲಾದುದು. ದಕ್ಷಿಣ ಕ್ಯಾರೊಲೈನಾ ಮತ್ತು ಜಾರ್ಜಿಯಾ ತೀರದ ದ್ವೀಪಗಳಲ್ಲಿ ಸುಮಾರು 1790ರಿಂದ ಅದನ್ನು ಬೆಳೆದವರೂ ಬಿಡಿಸಿದವರೂ ನೀಗ್ರೋ ಗುಲಾಮರು. 1865ರಲ್ಲಿ ಗುಲಾಮಗಿರಿ ತೊಲಗಿತು. 1920ರ ಸುಮಾರಿಗೆ ಕಾಯಿಕೊರಕ ಹುಳುವಿನಿಂದ ಅಲ್ಲಿಯ ಬೆಳೆಯೂ ತೊಲಗಿತು. ಆ ಹತ್ತಿಯ ಜಾತಿ ನಮಗೆ ತೀರ ದೂರದ್ದೂ ಅಲ್ಲ. 1972ರಲ್ಲಿ ಧಾರವಾಡದಲ್ಲಿ ರೂಪುಗೊಂಡ ವರಲಕ್ಷ್ಮಿ ತಳಿಯಲ್ಲಿ ಅದೇ ಜಾತಿಯ ರಕ್ತವಿದೆ. ಅಂತಹ ಸಂಕರ ಬೀಜವನ್ನು ಪಡೆಯಲು ಒಂದೊಂದು ಹೂವಿನ ಕೇಸರವನ್ನೂ ಕೈಯಿಂದಲೇ ತೆಗೆದು, ಪರಾಗವನ್ನು ಕೈಯಿಂದಲೇ ಮುಟ್ಟಿಸಬೇಕು. ಹೊಲದಲ್ಲಿ ಬಗ್ಗಿ ಆ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಂಗಸರು. ಬಟ್ಟೆಯ ನಯವು ಇವರಾರ ಹೆಸರನ್ನೂ ಹೇಳುವುದಿಲ್ಲ.

ಆದುದರಿಂದ ಈ ಅಂಗಿಯ ಮೌನದಲ್ಲಿ ಎರಡು ಮೌನಗಳು ಕೂಡಿವೆಯೆಂದು ತಿಳಿಯಬೇಕು. ತನ್ನ ಶ್ರಮವನ್ನು ತಾನೇ ಮರೆಸುವುದು ವಿನಯ. ಪರರ ಶ್ರಮವನ್ನು ಮರೆಸುವುದು ಅಪಹಾರ. ಒಬ್ಬನ ಪರವಾಗಿ ಇನ್ನೊಬ್ಬನು ವಿನಯಶಾಲಿಯಾಗಲು ಬಾರದು. ಕುಶಲಿಯು ತನ್ನ ಇಚ್ಛೆಯಿಂದ ವಹಿಸಿದ ಮೌನವನ್ನು ಗೌರವಿಸೋಣ; ದ್ವೀಪದ ಹೊಲಗಳಲ್ಲಿ ಬೇರೆಯವರು ಹೇರಿದ ಮೌನಕ್ಕೆ ಅದೇ ಗೌರವವನ್ನು ಹಂಚಿ ನಿಶ್ಚಿಂತರಾಗುವುದು ಬೇಡ.

ಹಾಗಾದರೆ ಅದನ್ನು ತೊಡುವವನಿಗೆ ಉಳಿದ ಧರ್ಮವೇನು? ಏನನ್ನೂ ಮಾಡದ ಅವನಿಗೆ ವಿನಯದ ಕೀರ್ತಿ ಸಲ್ಲದು. ಅವನಿಗೆ ಸಾಧ್ಯವಾದುದು ಪಾಲನೆ. ಹಿಂದಿನ ಮನೆಗಳಲ್ಲಿ ಕಾಲರು ಸವೆದರೆ ಬಿಚ್ಚಿ ಮಗುಚಿ ಹೊಲಿಯುವರು. ಅದೂ ಸವೆದರೆ ಬೆನ್ನಿನ ಕೆಳತುದಿಯ ಬಟ್ಟೆಯನ್ನು ಕತ್ತರಿಸಿ ಹೊಸ ಕಾಲರನ್ನು ಮಾಡುವರು. ಹಳೆಯ ಅಂಗಿಯ ಮೆರುಗು ಅಳಿದ ಮೇಲೆ ಬಲ್ಲವರ ಪಿಸುಮಾತೂ ನಿಲ್ಲುವುದು. ತೇಪೆ ಹಾಕಿದ ಬಟ್ಟೆಯಿಂದ ಗರ್ವವನ್ನು ಪೋಷಿಸುವುದು ಕಷ್ಟ. ಹಾಗೆ ಕಾಪಾಡಿದ ಮಾತ್ರಕ್ಕೆ ಹಿಂದಿನ ಅನ್ಯಾಯವು ತೊಳೆದುಹೋಗದು. ಆದರೆ ಅಷ್ಟೊಂದು ಜನರ ಬೆವರಿನಿಂದ ಆದ ವಸ್ತುವನ್ನು ಎರಡು ವರ್ಷಕ್ಕೆ ಬಿಸುಟರೆ ಆ ಬೆವರು ಎರಡನೆಯ ಸಲ ಪೋಲಾಗುವುದು. ಒಳಹೊಲಿಗೆಯನ್ನು ತಿಳಿದು ನೋಡುವ ಕಣ್ಣು ಅದರಾಚೆಗಿರುವ ಕೈಗಳನ್ನೂ ನೋಡಲು ಕಲಿತರೆ, ಅಂಗಿಯ ಸೊಗಸು ಕಣ್ಣಿನ ಸುಖಕ್ಕೆ ನಿಲ್ಲದೆ ವಿವೇಕಕ್ಕೂ ಸ್ವಲ್ಪ ನೆರವಾದಂತಾಗುವುದು.