ಸಾಕ್ಷಿಯ ಗಾತ್ರ

ಸಾಕ್ಷಿಯು ಕೇವಲ ಕಾಣುವವನು, ಕಂಡದ್ದಕ್ಕೆ ಅಂಟದವನು, ತಾನು ಕಾಣುವ ವಸ್ತುವಿನಲ್ಲಿ ಅಣುಮಾತ್ರ ವಿಕಾರವನ್ನೂ ಉಂಟುಮಾಡದವನು ಎಂದು ವೇದಾಂತಿಗಳು ವರ್ಣಿಸುತ್ತಾರೆ. ಆತ್ಮನ ವಿಷಯದಲ್ಲಿ ಈ ಮಾತು ಸತ್ಯವೇ ಇರಬಹುದು. ಆದರೆ ದೇಹಧಾರಿಯಾದ ಮನುಷ್ಯನ ನೋಟಕ್ಕೂ ಅಂತಹ ನಿರ್ಲೇಪತೆ ಸಾಧ್ಯವೇ ಎಂಬ ಪ್ರಶ್ನೆಗೆ, ಹಸುಗೂಸಿನ ಶ್ವಾಸಮಾರ್ಗವನ್ನು ಪರೀಕ್ಷಿಸುವ ಸಣ್ಣ ಬ್ರಾಂಕೋಸ್ಕೋಪು ನಿಷ್ಠುರವಾದ ಉತ್ತರವನ್ನು ಕೊಡುತ್ತದೆ.

ಹೊಸೂರು, ತಳಿ, ಡೆಂಕಣಿಕೋಟೆಗಳ ಸುತ್ತಣ ಕನ್ನಡದ ಮನೆಗಳಲ್ಲಿ ಎಳೆಗೂಸಿನ ಗಂಟಲು ಸದ್ದುಮಾಡತೊಡಗಿದರೆ, "ಉಸ್ರು ಎಳ್ದಾಗೆಲ್ಲ ಗೊರಗೊರ ಅಂತದೆ" ಎಂದು ತಾಯಿಯು ಮೊದಲು ಮನೆಯ ಹಿರಿಯರಿಗೆ, ಅನಂತರ ಹೊಸೂರಿನ ವೈದ್ಯರಿಗೆ ಹೇಳಿ, ಅಲ್ಲಿಯೂ ಬಗೆಹರಿಯದಿದ್ದರೆ ಸುಮಾರು 40 ಕಿಲೋಮೀಟರು ದೂರದ ಬೆಂಗಳೂರಿಗೆ ಕೂಸನ್ನೆತ್ತಿಕೊಂಡು ಬರುತ್ತಾಳೆ. ಅನೇಕ ವೇಳೆ ಕಾರಣವಿಷ್ಟೆ: ಧ್ವನಿಪೆಟ್ಟಿಗೆಯ ಮೇಲಣ ಎಳೆಯ ಭಾಗವು ಇನ್ನೂ ಬಲಿಯದೆ, ಒಳಗೆಳೆದ ಉಸಿರಿನ ಸೆಳೆತಕ್ಕೆ ತಾನೂ ಒಳಕ್ಕೆ ಕುಸಿದು ದಾರಿಯನ್ನು ಕಿರಿದುಗೊಳಿಸುತ್ತದೆ. ಇದನ್ನು ಕಾಣಬೇಕಾದರೆ ಕೂಸು ತಾನಾಗಿ ಉಸಿರಾಡುತ್ತಿರುವಾಗಲೇ ಕಾಣಬೇಕು.

ಹೀಗೆ ಒಳಗನ್ನು ಕಾಣುವ ಸಾಧನವು ಎರಡು ಬಗೆ. 1897ರಲ್ಲಿ ಜರ್ಮನಿಯ ಗುಸ್ತಾವ್ ಕಿಲಿಯನ್ ಎಂಬ ವೈದ್ಯನು ರೈತನೊಬ್ಬನ ಶ್ವಾಸನಾಳದಲ್ಲಿ ಸಿಕ್ಕಿದ್ದ ಮೂಳೆಯ ಚೂರನ್ನು ಹೊರತೆಗೆದದ್ದು ಬಾಗದ ಲೋಹದ ಕೊಳವೆಯಿಂದ. ಬಾಗುವ ಬ್ರಾಂಕೋಸ್ಕೋಪನ್ನು 1960ರ ದಶಕದಲ್ಲಿ ಬಳಕೆಗೆ ತಂದವನು ಜಪಾನಿನ ಶಿಗೆತೊ ಇಕೆದ. ಲೋಹದ ಕೊಳವೆಯು ಟೊಳ್ಳಾದುದರಿಂದ ಉಸಿರು ಅದರೊಳಗಿಂದಲೇ ಹಾಯುವುದು. ಬಾಗುವ ನಳಿಗೆಯಾದರೋ ಬೆಳಕಿನ ಎಳೆಗಳಿಂದ ತುಂಬಿದ್ದು, ಕೂಸು ಅದರ ಸುತ್ತ ಮಿಕ್ಕ ಜಾಗದಲ್ಲಿಯೇ ಉಸಿರಾಡಬೇಕು. ನವಜಾತ ಶಿಶುವಿನ ಶ್ವಾಸಮಾರ್ಗವು ಅತ್ಯಂತ ಕಿರಿದಾದೆಡೆಯಲ್ಲಿ ಸುಮಾರು 4 ಮಿಲಿಮೀಟರು, ಅಲ್ಲಿ 2.8 ಮಿಲಿಮೀಟರಿನ ನಳಿಗೆಯನ್ನು ಇಳಿಸಿದರೆ ದಾರಿಯ ಅರ್ಧವು ನೋಡುವವನಿಗೆ ಸಂದುಹೋಗುತ್ತದೆ, 2.2 ಮಿಲಿಮೀಟರಿನದಾದರೆ ಮೂರರಲ್ಲೊಂದು ಪಾಲಿಗಿಂತ ತುಸು ಕಡಿಮೆ. ಪ್ರಾಣದ ಸಂಚಾರವನ್ನು ಅರಿಯಹೊರಟವನು ಪ್ರಾಣದ ದಾರಿಗೇ ಅಡ್ಡ ನಿಂತಿರುತ್ತಾನೆ.

ನಳಿಗೆಯನ್ನು ಇನ್ನಷ್ಟು ಸಣ್ಣದಾಗಿಸಿದರೆ ದೋಷವು ನೀಗೀತೆನ್ನೋಣವೆಂದರೆ, ಅದಕ್ಕೂ ಬೆಲೆ ತೆರಬೇಕು. 2.2 ಮಿಲಿಮೀಟರಿನ ನಳಿಗೆಯಲ್ಲಿ ಕಫವನ್ನು ಹೀರುವ ರಂಧ್ರಕ್ಕೆ ಎಡೆಯಿರುವುದಿಲ್ಲ. ಅದು ಕಂಡೀತೇ ಹೊರತು ಏನನ್ನೂ ಮಾಡಲಾರದು. ಹೊಸೂರನ್ನೊಳಗೊಂಡ ಕೃಷ್ಣಗಿರಿ ಜಿಲ್ಲೆಯ ಹೊಲಗಳಲ್ಲಿ ಬೆಳೆಯುವ ಕಡಲೆಕಾಯಿಯ ಬೀಜವೊಂದು ದವಡೆಹಲ್ಲು ಬಾರದ ಮಗುವಿನ ಶ್ವಾಸನಾಳಕ್ಕೆ ಜಾರಿದರೆ, ಅದನ್ನು ತೆಗೆಯಲು ಇಂದಿಗೂ ವೈದ್ಯರು ಹೆಚ್ಚಾಗಿ ನೆಚ್ಚುವುದು ಆ ಹಳೆಯ ಲೋಹದ ಕೊಳವೆಯನ್ನೇ. ಜ್ಞಾನವು ಕರ್ಮವನ್ನು ತೊರೆದಷ್ಟೂ ಹಗುರಾಗುವುದು, ಹಗುರಾದಷ್ಟೂ ಅಸಹಾಯವಾಗುವುದು.

ಆದುದರಿಂದ ಮನುಷ್ಯನ ನೋಟವು ಸಾಕ್ಷಿಯದಲ್ಲ. ಅದು ಮತ್ತೊಬ್ಬರ ಎಡೆಯಲ್ಲಿ ಪಡೆದ ಸಾಲ. ಬಲ್ಲ ವೈದ್ಯನು ಆಮ್ಲಜನಕದ ಮಾಪಕದ ಮೇಲೆ ಕಣ್ಣಿಟ್ಟು, ಬೇಕಾದಷ್ಟನ್ನೇ ಕಂಡು, ಬೇಗನೆ ನಳಿಗೆಯನ್ನು ಹಿಂದೆಗೆಯುತ್ತಾನೆ; ಕೂಸು ಹಾಲು ಕುಡಿದು, ತೂಕ ಏರಿ, ಸುಖವಾಗಿ ನಿದ್ರಿಸುತ್ತಿದ್ದರೆ, ಆ ಗೊರಗೊರ ಸದ್ದು ಸಾಮಾನ್ಯವಾಗಿ ಎರಡು ವರ್ಷದೊಳಗೆ ತಾನೇ ಅಡಗುವುದೆಂದು ತಾಯಿಗೆ ಧೈರ್ಯ ಹೇಳಿ, ಅನೇಕ ವೇಳೆ ನಳಿಗೆಯನ್ನು ಮುಟ್ಟುವುದೇ ಇಲ್ಲ. ಕಾಣಬಲ್ಲವನಾಗಿಯೂ ಕಾಣದೆ ಬಿಡುವ ಈ ಸಂಯಮವನ್ನು ಅಜ್ಞಾನವೆಂದು ಕರೆಯುವುದು ಸಲ್ಲದು. ತನ್ನ ಅರಿವು ಇನ್ನೊಂದು ಜೀವದಿಂದ ಎಷ್ಟನ್ನು ಬೇಡುತ್ತದೆಂಬುದನ್ನು ಅಳೆದ ಬಳಿಕವೇ ಅದು ಹುಟ್ಟುವುದಾದ್ದರಿಂದ, ಅದೂ ಜ್ಞಾನವೇ.