ಕಾಡಿನಂಚಿನ ಜ್ವರ

ಅಡಿಕೆ ಕೊಯ್ಲು ಮುಗಿಯುತ್ತ ಬಂದಂತೆ ಮಲೆನಾಡಿನಲ್ಲಿ ದರಗು ಗುಡಿಸುವ ಕೆಲಸ ಶುರುವಾಗುತ್ತದೆ. ಬೆಟ್ಟದಲ್ಲಿ ಉದುರಿದ ಒಣ ಎಲೆಯನ್ನು ರಾಶಿ ಮಾಡಿ, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ತಂದು ಕೊಟ್ಟಿಗೆಗೆ ಹಾಸುತ್ತಾರೆ. ಅದೇ ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ಮರಿ ಉಣುಗು ದರಗಿನ ಮೇಲೆ ಕಾದು ಕೂರುವುದೂ ಇದೇ ತಿಂಗಳುಗಳಲ್ಲಿ. ಎಳ್ಳುಕಾಳಿಗಿಂತ ಚಿಕ್ಕ ಜೀವ. ಕಚ್ಚಿದ್ದು ಎಷ್ಟೋ ಸಲ ತಿಳಿಯುವುದೇ ಇಲ್ಲ. ವಾರ ಕಳೆಯುವುದರೊಳಗೆ ಜ್ವರ, ತಲೆ ಸಿಡಿತ, ಎದ್ದು ಕೂರಲಾಗದಷ್ಟು ಮೈಕೈ ನೋವು. ಕೆಲವರಿಗೆ ಮೂಗು, ವಸಡಿನಿಂದ ರಕ್ತ. ನೂರು ಜನರಿಗೆ ಬಂದರೆ ಮೂರರಿಂದ ಐದು ಮಂದಿ ಉಳಿಯುವುದಿಲ್ಲ. ಇದು ಮಂಗನ ಕಾಯಿಲೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲ ಹಳ್ಳಿಗಳವರೂ ಜ್ವರದಿಂದ ಮಲಗಿದರು. ಆಫ್ರಿಕಾ, ದಕ್ಷಿಣ ಅಮೆರಿಕಗಳ ಹಳದಿ ಜ್ವರ ಏಷ್ಯಾಕ್ಕೂ ಬಂತೇ ಎಂಬ ಭಯದಿಂದಲೇ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿಬಂದರು. ಸಿಕ್ಕಿದ್ದು ಬೇರೆಯೇ ವೈರಸ್. ಅದರ ಹತ್ತಿರದ ನಂಟಿನ ವೈರಸ್‌ಗಳು ರಷ್ಯಾದ ಕಾಡುಗಳಲ್ಲಿದ್ದವು.

ಮಂಗಗಳ ಮೇಲೆ ಸಿಟ್ಟಾಗುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಮುಸುವವೂ ಕೋಡಗವೂ ನಮ್ಮ ಹಾಗೆಯೇ ಉಣುಗಿನಿಂದ ಕಚ್ಚಿಸಿಕೊಂಡು, ನಮಗಿಂತ ಮೊದಲು ಸಾಯುತ್ತವೆ. ಸತ್ತ ಮೈಯಿಂದ ಇಳಿದ ಉಣುಗುಗಳು ಆ ಜಾಗದಲ್ಲೆಲ್ಲ ಹರಡಿಕೊಳ್ಳುತ್ತವೆ. ಅದಕ್ಕೇ ಹೆಣ ಬಿದ್ದಲ್ಲಿ ಸುತ್ತಲೂ ಕೀಟನಾಶಕದ ಪುಡಿ ಎರಚುವುದು. ಮಂಗ ಸತ್ತಿತೆಂದರೆ ಅದು ನಮಗೆ ಸಿಕ್ಕ ಮುನ್ಸೂಚನೆ.

ಇಲಿ ಹೆಗ್ಗಣ, ನೆಲದ ಹಕ್ಕಿ, ಉಣುಗುಗಳ ನಡುವೆ ಈ ವೈರಸ್ ಬಹುಕಾಲದಿಂದ ಸದ್ದಿಲ್ಲದೆ ಇದ್ದಿರಬೇಕು. ಅದನ್ನು ನಮ್ಮ ಹತ್ತಿರ ತಂದದ್ದು ಏನು? ಕ್ಯಾಸನೂರಿನ ಕಾಡಿನಲ್ಲಿ ಅಲೆದು ಅಧ್ಯಯನ ಮಾಡಿದ ಕೊಲಂಬಿಯಾದ ವೈದ್ಯ ಹೊರ್ಹೆ ಬೊಶೆಲ್ 1969ರಲ್ಲಿ ಬರೆದದ್ದು ಇದನ್ನೇ: ಗದ್ದೆಗಾಗಿ ಕಾಡನ್ನು ಅಲ್ಲಲ್ಲಿ ತೆರವು ಮಾಡಿದೆವು, ತೆರವಿನ ಅಂಚಿನಲ್ಲಿ ಪೊದೆ ಬೆಳೆಯಿತು, ದನಗಳನ್ನು ಒಳಗೆ ಮೇಯಲು ಬಿಟ್ಟೆವು. ಬಲಿತ ಉಣುಗು ದನದ ರಕ್ತ ಕುಡಿದು, ಉದುರಿ, ಸಾವಿರಾರು ಮೊಟ್ಟೆ ಇಡುತ್ತದೆ. ದನಕ್ಕೆ ಕಾಯಿಲೆ ಬರುವುದಿಲ್ಲ, ಆದರೆ ಉಣುಗಿನ ಸಂತತಿಯನ್ನು ಸಾಕುವುದು ಅದೇ. ದನ ಸಾಕುವವನ ತಪ್ಪೆಂದು ನಾನು ಹೇಳಲಾರೆ. ಗೊಬ್ಬರವಿಲ್ಲದೆ ತೋಟವಿಲ್ಲ, ದನವಿಲ್ಲದೆ ಗೊಬ್ಬರವಿಲ್ಲ.

ಬೆಳ್ತಂಗಡಿಯ ಕಥೆ ಬೇರೆ. 1982ರ ಹೊತ್ತಿಗೆ ಅಲ್ಲಿ ಗೇರು ತೋಟ ಎಬ್ಬಿಸಲೆಂದು ದಟ್ಟ ಕಾಡನ್ನೇ ಕಡಿಸಿದರು. ಮಂಗಗಳು ಸತ್ತವು, ಹಿಂದೆಯೇ ಕಡಿಯಲು ಹೋದ ಕೂಲಿಗಳು ಮಲಗಿದರು. ಮುಂದಿನ ಮಳೆಗಾಲ ಬರುವಷ್ಟರಲ್ಲಿ ಸಾವಿರಕ್ಕೂ ಹೆಚ್ಚು ಮಂದಿಗೆ ಕಾಯಿಲೆ ತಗುಲಿ, ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಮರ ಕಡಿಯಲು ಸಹಿ ಹಾಕಿದವರಿಗೆ ಉಣುಗು ಕಚ್ಚಿರಲಿಲ್ಲ.

2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಸಾವುಗಳಾದಾಗ ಕೇಳಿಬಂದ ಬುದ್ಧಿಮಾತು, ಕಾಡಿಗೆ ಹೋಗಬೇಡಿ ಎಂದು. ಸೌದೆಗೆ, ಸೊಪ್ಪಿಗೆ, ದರಗಿಗೆ ಹೋಗದಿದ್ದರೆ ಅವರ ಮನೆ ನಡೆಯುವುದು ಹೇಗೆಂದು ಕೇಳಿದವರು ಕಡಿಮೆ. ಈ ಜ್ವರಕ್ಕೆಂದೇ ಇರುವ ಔಷಧಿಯಿಲ್ಲ. ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು ಅದನ್ನೂ ನಿಲ್ಲಿಸಿದ್ದಾಯಿತು. ಕೈಕಾಲಿಗೆ ಹಚ್ಚುವ ಎಣ್ಣೆ, ಮೈ ಮುಚ್ಚುವ ಬಟ್ಟೆ, ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ, ಇಷ್ಟೇ ಕೈಯಲ್ಲಿರುವುದು.

ಹಾಗಾಗಿ ಎರಡು ಕೋರಿಕೆ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಸುಮ್ಮನೆ ದಾಟಿಯೂ ಹೋಗಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಅದೇ ದಿನ ತಿಳಿಸಿ. ಮತ್ತು ಮಲೆನಾಡಿನಲ್ಲಿ ಇನ್ನು ಮುಂದೆ ಕಾಡು ಕಡಿಯುವ ಕಡತ ಯಾವ ಮೇಜಿಗೆ ಬಂದರೂ, ಅಂಚಿನ ಊರುಗಳ ಜನರ ಆರೋಗ್ಯ ಏನಾಗುತ್ತದೆಂದು ವೈದ್ಯರನ್ನು ಕೇಳಿ ಬರೆಸಿಕೊಂಡ ಒಂದು ಹಾಳೆ ಅದರೊಳಗಿರಲಿ.