ತಲೆನೋವು ಮತ್ತು ಹಣೆಬರಹ

ಟೆನ್ಷನ್ ತಲೆನೋವು ತಲೆಯ ಎರಡೂ ಬದಿಗೆ ಪಟ್ಟಿ ಬಿಗಿದಂತೆ ಒತ್ತುತ್ತದೆ. ತಲೆನೋವುಗಳಲ್ಲಿ ಅತಿ ಸಾಮಾನ್ಯವಾದದ್ದು ಇದೇ. ಅರ್ಧ ಗಂಟೆಯಲ್ಲಿ ಇಳಿಯಬಹುದು, ಏಳು ದಿನ ಕಾಡಲೂಬಹುದು. ತಿಂಗಳಲ್ಲಿ 15 ಅಥವಾ ಹೆಚ್ಚು ದಿನ, ಮೂರು ತಿಂಗಳಿಗೂ ಮೀರಿ ಬಂದರೆ ವೈದ್ಯರು ಅದನ್ನು ದೀರ್ಘಕಾಲಿಕ ಎನ್ನುತ್ತಾರೆ. ನೊಂದವರಿಗೆ ಸಿಗುವ ಮಾತು ಎರಡು ಬಗೆಯದು: ಅದು ಮನೆತನದಲ್ಲೇ ಬಂದದ್ದು, ಇಲ್ಲವೇ ಅತಿಯಾಗಿ ಚಿಂತೆ ಮಾಡಿ ತಂದುಕೊಂಡದ್ದು. ಮೊದಲನೆಯದು ಕೈಚೆಲ್ಲಿ ಕೂರಿಸುತ್ತದೆ, ಎರಡನೆಯದು ನೋವಿನ ಮೇಲೆ ತಪ್ಪಿನ ಹೊರೆಯನ್ನೂ ಹೊರಿಸುತ್ತದೆ. ದೈವವೋ ಪುರುಷಪ್ರಯತ್ನವೋ ಎಂಬ ಹಳೆಯ ಪ್ರಶ್ನೆಯೇ ಇವೆರಡರ ಹಿಂದಿದೆ.

ಈ ನೋವು ವಂಶದಿಂದ ಬರುತ್ತದೆಯೇ ಎಂಬ ಬಗ್ಗೆ ಡೆನ್ಮಾರ್ಕಿನಲ್ಲಿ ಹೆಚ್ಚು ಸಂಶೋಧನೆ ನಡೆದಿದೆ. ದೀರ್ಘಕಾಲಿಕ ನೋವಿರುವವರ ತಂದೆತಾಯಿ, ಒಡಹುಟ್ಟಿದವರು ಮತ್ತು ಮಕ್ಕಳಿಗೆ ಅದೇ ನೋವು ಬರುವ ಸಂಭವ ಇತರರಿಗಿಂತ ಸುಮಾರು ಮೂರು ಪಟ್ಟು ಎಂದು 1990ರ ದಶಕದ ಕುಟುಂಬ ಅಧ್ಯಯನ ಕಂಡುಕೊಂಡಿತು. ಅದೇ ಮನೆಯಲ್ಲಿ ಬಾಳುವ ಗಂಡ ಅಥವಾ ಹೆಂಡತಿಗೆ ಅಂಥ ಏರಿಕೆ ಇರಲಿಲ್ಲ. ಮುಂದೆ ಅವಳಿಗಳ ಅಧ್ಯಯನಗಳು ಚಿತ್ರವನ್ನು ಇನ್ನಷ್ಟು ಬಿಡಿಸಿದವು: ಅಪರೂಪಕ್ಕೆ ಬರುವ ನೋವಿನಲ್ಲಿ ಪರಿಸರವೇ ಪ್ರಧಾನ, ಪದೇ ಪದೇ ಬರುವುದರಲ್ಲಿ ವಂಶವಾಹಿಗಳ ಪಾತ್ರವೂ ಇದೆ.

ವಂಶದ ಪಾಲೆಷ್ಟು, ಪರಿಸರದ ಪಾಲೆಷ್ಟು ಎಂಬ ಇಂಥ ಲೆಕ್ಕ ಒಬ್ಬ ವ್ಯಕ್ತಿಯ ನೋವಿಗೆ ಅನ್ವಯಿಸುವುದಿಲ್ಲ. ಒಂದು ಜನಸಮುದಾಯದಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸವನ್ನಷ್ಟೇ ಅದು ಅಳೆಯುತ್ತದೆ. ಎಲ್ಲರಿಗೂ ಒಂದೇ ತೆರನ ನಿದ್ದೆ, ಊಟ, ದುಡಿಮೆ ಸಿಕ್ಕರೆ ಉಳಿಯುವ ವ್ಯತ್ಯಾಸವೆಲ್ಲ ಹುಟ್ಟಿನದೇ ಆಗುತ್ತದೆ. ಒಂದು ವಂಶವಾಹಿಯೂ ಬದಲಾಗದೆ ವಂಶದ ಪಾಲು ಏರುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ವಂಶವನ್ನು ದೈವಕ್ಕೂ ಪರಿಸರವನ್ನು ಪ್ರಯತ್ನಕ್ಕೂ ಸಮನೆಂದು ಎಣಿಸುವುದು. ಹುಟ್ಟಿನಿಂದ ಬಂದ ಒಲವಿಗೂ ಚಿಕಿತ್ಸೆಯುಂಟು. ದೀರ್ಘಕಾಲಿಕ ನೋವನ್ನು ತಡೆಯಲು ಅಮಿಟ್ರಿಪ್ಟಿಲಿನ್ ಎಂಬ ಔಷಧ ಬಹುಕಾಲದಿಂದ ಬಳಕೆಯಲ್ಲಿದೆ. ರಾತ್ರಿ ಪಾಳಿ, ಸಾಲದ ಒತ್ತಡ, ಹೊತ್ತು ಮೀರಿದ ಊಟಗಳನ್ನಾದರೋ ಯಾರೂ ಬೇಕೆಂದು ಆರಿಸಿಕೊಂಡಿರುವುದಿಲ್ಲ. ಹೊರಗಿನದೆಲ್ಲ ಕೈಯಳತೆಯಲ್ಲಿದೆ ಎಂದು ನಂಬಿದಾಗಲೇ ನೊಂದವರನ್ನು ದೂರುವ ಕ್ರೌರ್ಯಕ್ಕೆ ಎಡೆಯಾಗುವುದು.

ಆಯುರ್ವೇದದ ಪ್ರಾಚೀನ ಗ್ರಂಥ ಚರಕಸಂಹಿತೆಯ ವಿಮಾನಸ್ಥಾನವೆಂಬ ಭಾಗದ ಮೂರನೆಯ ಅಧ್ಯಾಯ ಈ ವಿಚಾರದಲ್ಲಿ ಇಂದಿಗೂ ದಾರಿ ತೋರಬಲ್ಲದು. ಆಯುಸ್ಸು ಪೂರ್ವನಿಶ್ಚಿತವೇ ಎಂದು ಶಿಷ್ಯ ಅಗ್ನಿವೇಶ ಕೇಳುತ್ತಾನೆ. ಹಿಂದಿನ ದೇಹದಲ್ಲಿ ಮಾಡಿದ ಕರ್ಮ ದೈವ, ಈಗ ಮಾಡುವುದು ಪುರುಷಕಾರ. ಆಯುಸ್ಸು ಇವೆರಡರ ಬಲಾಬಲವನ್ನು ಅವಲಂಬಿಸಿದೆ ಎಂಬುದು ಗುರು ಆತ್ರೇಯನ ಉತ್ತರ. ಎಲ್ಲವೂ ಮೊದಲೇ ನಿಶ್ಚಿತವಾಗಿದ್ದರೆ ಔಷಧಕ್ಕೇ ಅರ್ಥವಿರದು ಎಂದು ಆತ ವಾದಿಸುತ್ತಾನೆ. ಅದೇ ಅಧ್ಯಾಯದಲ್ಲಿ ಇನ್ನೊಂದು ಪ್ರಶ್ನೆಯಿದೆ: ಬೇರೆ ಬೇರೆ ಪ್ರಕೃತಿಯ ಜನ ಒಟ್ಟಿಗೆ ಕಾಯಿಲೆ ಬೀಳುವುದೇಕೆ? ಎಲ್ಲರಿಗೂ ಸಮಾನವಾದ ಗಾಳಿ, ನೀರು, ನೆಲ, ಕಾಲಗಳು ಕೆಡುವುದರಿಂದ ಎನ್ನುವ ಆತ್ರೇಯ, ಆ ಕೆಡುಕಿನ ಬೇರನ್ನು ಅಧರ್ಮದಲ್ಲಿ, ಆಳುವವರ ಅಧರ್ಮದಲ್ಲಿಯೂ ಗುರುತಿಸುತ್ತಾನೆ. ಅಲ್ಲಿನ ಮಾತು ಜನಪದಗಳನ್ನು ಅಳಿಸುವ ಪಿಡುಗುಗಳ ಕುರಿತಾದದ್ದು. ಆದರೆ ದುಡಿಮೆಯ ವೇಳೆಯನ್ನೂ ವಿಶ್ರಾಂತಿಯ ಹಕ್ಕನ್ನೂ ನಿರ್ಧರಿಸುವವರ ಹೊಣೆಗೂ ಆ ತರ್ಕ ಸಲ್ಲುತ್ತದೆ.